ಒಲೆ ಸಾರಿಸಿದ ಕೂಲಿ

ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯ ಕಟ್ಟಿದ್ದು 1112ರಲ್ಲಿ. ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಈ ಗುಡಿಯನ್ನು ಅಲ್ಲಿಯ ಶಾಸನ ದೇವಾಲಯ ಚಕ್ರವರ್ತಿ ಎಂದು ಹೊಗಳಿದೆ. ಆ ಕಾಲದ ದಾನಶಾಸನಗಳನ್ನು ಓದುವವರಿಗೆ ಪದೇ ಪದೇ ಎದುರಾಗುವ ಇನ್ನೊಂದು ಒಕ್ಕಣೆ ಉಂಟು: ಖಂಡಸ್ಫುಟಿತ ಜೀರ್ಣೋದ್ಧಾರ. ಒಡೆದದ್ದಕ್ಕೆ, ಬಿರುಕು ಬಿಟ್ಟದ್ದಕ್ಕೆ, ಹಳತಾದದ್ದಕ್ಕೆ ಎಂದು ಭೂಮಿ ಬಿಡುವಾಗ ಬರೆಸುತ್ತಿದ್ದ ಮಾತು ಅದು. ಕಲ್ಲಿನ ಗುಡಿಗೂ ರಿಪೇರಿ ತಪ್ಪಿದ್ದಲ್ಲ, ಅದಕ್ಕೆ ಇಂಥ ಹೊಲದ ಹುಟ್ಟುವಳಿ ಎಂದು ಮೊದಲೇ ಗೊತ್ತು ಮಾಡಿಟ್ಟಿದ್ದರು. ಮನೆವಣ, ಗಾಣದೆರೆ, ಮಗ್ಗದೆರೆ ಎಂಬ ತೆರಿಗೆಗಳೂ ಕಲ್ಲಿನ ಮೇಲೆ ದಾಖಲಾಗಿವೆ. ಅದೇ ಗುಡಿಯ ಸುತ್ತಲಿನ ಮನೆಗಳಲ್ಲಿ ದಿನಕ್ಕೆ ಎರಡು ಸಲ ಉರಿದು, ಗುಡಿಗಿಂತ ಎಷ್ಟೋ ಪಟ್ಟು ಬೇಗ ಬಿರುಕು ಬಿಡುತ್ತಿದ್ದ ಒಲೆಯ ರಿಪೇರಿ ಮಾತ್ರ ಯಾವ ಲೆಕ್ಕಕ್ಕೂ ಬರಲಿಲ್ಲ. ಅದಕ್ಕೆ ಖರ್ಚೇ ಇಲ್ಲವೆಂದು ಎಲ್ಲರೂ ನಂಬಿದ್ದರು. ಇದೇ ಜಿಲ್ಲೆಯ ಕನಕಗಿರಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಅಡುಗೆಮನೆಗಳಲ್ಲಿ ಕಳೆದ ಎಪ್ಪತ್ತು ವರ್ಷಗಳಲ್ಲಿ ಏನು ಬದಲಾಯಿತು, ಏನು ಬದಲಾಗದೆ ಉಳಿಯಿತು ಎಂಬುದನ್ನು ಈ ನಂಬಿಕೆಯಿಂದಲೇ ವಿವರಿಸಬಹುದು ಎಂಬುದು ನನ್ನ ವಾದ.

ಮಣ್ಣಿನ ಒಲೆ ಎಲ್ಲಿ ಕೆಡುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಮೊದಲು ಹೋಗುವುದು ಬಾಯಿಯ ಅಂಚು. ಕಟ್ಟಿಗೆ ಒಳಗೆ ತಳ್ಳುವಾಗ, ಹೊರಗೆ ಎಳೆಯುವಾಗ ಅಲ್ಲಿಯ ಮಣ್ಣು ಸವೆಯುತ್ತದೆ. ಆಮೇಲೆ ಪಾತ್ರೆಯ ಭಾರ ಹೊರುವ ಮೂರು ಉಬ್ಬುಗಳು. ಅವುಗಳಲ್ಲಿ ಒಂದು ತಗ್ಗಿದರೂ ಹಂಚು ವಾಲುತ್ತದೆ, ರೊಟ್ಟಿ ಒಂದು ಕಡೆ ಸೀದು ಇನ್ನೊಂದು ಕಡೆ ಹಸಿ ಉಳಿಯುತ್ತದೆ. ಬೇಳೆ ಉಕ್ಕಿ ಕಾದ ಮಣ್ಣಿನ ಮೇಲೆ ನೀರು ಬಿದ್ದಲ್ಲೆಲ್ಲ ಕೂದಲೆಳೆಯ ಬಿರುಕು. ಇದಕ್ಕೆಲ್ಲ ಮದ್ದು ಒಂದೇ. ಹುತ್ತದ ಮಣ್ಣೋ ಕೆಮ್ಮಣ್ಣೋ ತಂದು ಸೋಸಿ, ಹೊಟ್ಟು ಕೂಡಿಸಿ ನೆನೆಹಾಕಿ, ತುಳಿದು ಹದ ಮಾಡಿ ಮೆತ್ತುವುದು. ಒಣಗಿದ ಮೇಲೆ ಸಗಣಿಯಿಂದ ಸಾರಿಸುವುದು. ಬರೀ ಎರೆಮಣ್ಣು ಬಳಸಿದರೆ ಒಣಗುವಾಗ ಸೀಳುತ್ತದೆ. ಎಷ್ಟು ಹೊಟ್ಟು, ಎಷ್ಟು ನೀರು ಎಂಬುದು ಕೈಗೆ ಗೊತ್ತಿದ್ದ ವಿದ್ಯೆ, ಅತ್ತೆಯಿಂದ ಸೊಸೆಗೆ ಬಂದದ್ದು. ಸಾರಿಸುವ ಕೆಲಸ ಹೆಚ್ಚುಕಡಿಮೆ ದಿನದ್ದು, ಮೆತ್ತುವ ಕೆಲಸ ಹಬ್ಬ ಹುಣ್ಣಿಮೆಗೆ ಮುಂಚಿನದು. ಗೌಂಡಿಯನ್ನು ಯಾರೂ ಕರೆಯುತ್ತಿರಲಿಲ್ಲ.

ಮಣ್ಣು ಪುಕ್ಕಟೆ, ಸಗಣಿ ಪುಕ್ಕಟೆ, ಮನೆಯಲ್ಲಿರುವ ಹೆಂಗಸಿನ ಒಂದೆರಡು ತಾಸನ್ನೂ ಖರ್ಚಿಗೆ ಹಿಡಿಯುವುದು ಅತಿಯಾಯಿತು ಎಂದು ಯಾರಾದರೂ ಹೇಳಿಯಾರು. ಈ ಮಾತಿಗೆ ಈ ನೆಲದಲ್ಲೇ ಉತ್ತರವಿದೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾಗಿ ಎಡದಂಡೆ ಕಾಲುವೆ ಹರಿದ ಮೇಲೆ ಗಂಗಾವತಿಯ ಸುತ್ತಮುತ್ತ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಸಸಿ ನಾಟಿ ಹೆಂಗಸರ ಕೆಲಸ, ಅದಕ್ಕೆ ಕೂಲಿ ಗೊತ್ತಾಯಿತು. ಒಲೆಯ ಮುಂದೆ ಕಳೆದ ತಾಸು ಗದ್ದೆಯಲ್ಲಿ ಕಳೆದರೆ ಎಷ್ಟು ಬರುತ್ತದೆ ಎಂದು ಅಂದಿನಿಂದ ಎಣಿಸಬಹುದಾಯಿತು. ಸಗಣಿಗೂ ಗೊಬ್ಬರವಾಗಿ ಬೆಲೆ ಕಟ್ಟಿದರು. ಉರುವಲೂ ಬದಲಾಯಿತು. ಯಲಬುರ್ಗಾ, ಕುಷ್ಟಗಿಯ ಒಣಭೂಮಿಯಲ್ಲಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಹೊಲದಲ್ಲೇ ಸಿಗುತ್ತಿತ್ತು, ಬಳ್ಳಾರಿ ಜಾಲಿ ಬದುವಿನಲ್ಲಿತ್ತು. ಭತ್ತದ ಹುಲ್ಲು ಭಗ್ಗೆಂದು ಉರಿದು ಆರುವಂಥದ್ದು, ರೊಟ್ಟಿ ಬೇಯುವ ತನಕ ನಿಲ್ಲುವುದಿಲ್ಲ. ಭತ್ತದ ಹೊಟ್ಟು ಅಕ್ಕಿ ಗಿರಣಿಗಳ ಬಾಯ್ಲರಿನ ಪಾಲಾಯಿತು. ಪುಕ್ಕಟೆ ಎನ್ನುತ್ತಿದ್ದ ಒಂದೊಂದಕ್ಕೂ ಪೇಟೆಯಲ್ಲಿ ದರ ಹುಟ್ಟಿದ ಮೇಲೂ ಒಲೆ ರಿಪೇರಿ ಮಾತ್ರ ಪುಕ್ಕಟೆಯೆಂದೇ ಎಣಿಕೆಯಾಗುತ್ತಿತ್ತು.

ಕಾಕತಾಳೀಯವೋ ಏನೋ, ಹೊಗೆಯಿಲ್ಲದ ಒಲೆಯ ಮಾತು ಈ ಭಾಗದ ರಾಜಧಾನಿಯಿಂದ ಹೊರಟದ್ದೂ ಅದೇ 1953ರಲ್ಲಿ. ಆಗ ಕೊಪ್ಪಳ ಹೈದರಾಬಾದ್ ರಾಜ್ಯದಲ್ಲಿತ್ತು. ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದ ಎಸ್. ಪಿ. ರಾಜು ಸಾಲಾಗಿ ಪಾತ್ರೆ ಇಡುವ, ಹೊಗೆಕೊಳವೆಯುಳ್ಳ ಮಣ್ಣಿನ ಒಲೆಯನ್ನು ರೂಪಿಸಿ, ಕೋಟ್ಯಂತರ ಮನೆಗಳಿಗೆ ಹೊಗೆಯಿಲ್ಲದ ಅಡುಗೆಮನೆ ಎಂಬ ಆಸೆಯಲ್ಲಿ ಪುಸ್ತಕ ಬರೆದರು. ಎರಡು ದಶಕದ ನಂತರ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಗ್ರಾಮೀಣ ತಂತ್ರಜ್ಞಾನದ ಅಸ್ತ್ರ ಕೇಂದ್ರ ಹುಟ್ಟಿತು. ಅಲ್ಲಿಂದ ಬಂದ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಗಳಲ್ಲಿ ಮನೆಮಾತಾಯಿತು. ಕೇಂದ್ರ ಸರ್ಕಾರ 1983ರಲ್ಲಿ ಆರಂಭಿಸಿದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ದೇಶದ ಉದ್ದಗಲಕ್ಕೆ ಮೂರು ಕೋಟಿಗೂ ಹೆಚ್ಚು ಒಲೆ ಹಾಕಿಸಿದ ಲೆಕ್ಕ ಕೊಟ್ಟು 2002ರಲ್ಲಿ ಮುಗಿಯಿತು. ಲೆಕ್ಕದಲ್ಲಿದ್ದದ್ದು ಹಾಕಿಸಿದ ಒಲೆ. ಸಬ್ಸಿಡಿಯೂ ಹಾಕಿಸುವುದಕ್ಕೇ. ಶಾಸನ ಬರೆಸಿದ ಹಿರಿಯರು ಮರೆಯದಿದ್ದ ಖಂಡಸ್ಫುಟಿತ ಎಂಬ ಪದ ಈ ಯೋಜನೆಯ ಕಡತದಲ್ಲಿ ಇರಬೇಕಿತ್ತು.

ಅಸ್ತ್ರ ಒಲೆಯ ಜೀವ ಅದರ ಅಳತೆಯಲ್ಲಿದೆ. ಬೆಂಕಿಗೂಡು ಇಷ್ಟೇ ಅಗಲ, ಜಾಲರಿ ಇಷ್ಟೇ ಎತ್ತರ, ಉರಿ ಹಾಯುವ ದಾರಿ ಇಷ್ಟೇ ಸಣ್ಣದು ಎಂಬ ಲೆಕ್ಕ ತಪ್ಪಿದರೆ ಅದೂ ಹಳೆಯ ಒಲೆಯೇ. ಬಾಯಿಯ ಅಂಚು ಸವೆದಾಗ ಮನೆಯಾಕೆ ರೂಢಿಯಂತೆ ಮಣ್ಣು ಮೆತ್ತಿದಳು, ಅಳತೆ ಹೋಯಿತು. ಬಾಯಿ ಕಿರಿದಾದ್ದರಿಂದ ಕಟ್ಟಿಗೆಯನ್ನು ಸಣ್ಣಗೆ ಸೀಳಬೇಕಿತ್ತು, ರೊಟ್ಟಿಯನ್ನು ಕೆಂಡದ ಎದುರು ಒರಗಿಸಿ ಉಬ್ಬಿಸಲು ಜಾಗವಿರಲಿಲ್ಲ. ಆಕೆ ಬಾಯಿ ಅಗಲಿಸಿಕೊಂಡರೆ ತಪ್ಪು ಯಾರದು? ಹೊಗೆಕೊಳವೆಯದು ಬೇರೆಯೇ ಗೋಳು. ಈ ಸೀಮೆಯ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ಬೆಳಕಿಂಡಿಗೆ ಸುತ್ತಲೂ ಕಟ್ಟೆ ಏರಿಸಿ, ಮಳೆ ಬಂದರೆ ಮುಚ್ಚುವ ವ್ಯವಸ್ಥೆ ಮೊದಲಿನಿಂದ ಇತ್ತು. ಹೊಗೆ ಅಲ್ಲಿಂದಲೇ ಹೋಗುತ್ತಿತ್ತು. ಮಾಳಿಗೆಗೆ ಹೊಸ ತೂತು ಕೊರೆದು ಕೊಳವೆ ನಿಲ್ಲಿಸಿದರೆ ಸಿಮೆಂಟು ಮಣ್ಣನ್ನು ಕಚ್ಚುವುದಿಲ್ಲ, ಮಳೆಗಾಲದಲ್ಲಿ ಆ ಸಂದಿನಿಂದಲೇ ಸೋರಿಕೆ. ಕೊಳವೆಯಲ್ಲಿ ಮಸಿ ಕಟ್ಟಿದಾಗ ಮಾಳಿಗೆ ಹತ್ತಿ ತೆಗೆಯುವವರು ಬೇಕು. ಅಂದರೆ ಒಲೆಯ ರಿಪೇರಿ ಮನೆಯಾಕೆಯ ಕೈಯಿಂದ ತರಬೇತಾದ ಗೌಂಡಿಯ ಕೈಗೆ ಹೋಯಿತು, ಅವನಿಗೆ ಕೊಡುವ ಕೂಲಿ ಯಾರ ಕೈಯಿಂದ ಎಂಬುದು ಮಾತ್ರ ತೀರ್ಮಾನವಾಗಲಿಲ್ಲ.

ಹೆಂಗಸರು ಹೊಸದಕ್ಕೆ ಒಗ್ಗಲಿಲ್ಲ, ಅಭ್ಯಾಸ ಬಿಡಲಿಲ್ಲ ಎನ್ನುವವರಿಗೆ ಒಡಿಶಾದ ಒಂದು ಅಧ್ಯಯನ ತೋರಿಸಬೇಕು. ರೆಮಾ ಹನ್ನಾ, ಎಸ್ತರ್ ಡಫ್ಲೋ, ಮೈಕೆಲ್ ಗ್ರೀನ್‌ಸ್ಟೋನ್ ಅವರು ಅಲ್ಲಿಯ ಹಳ್ಳಿಗಳಲ್ಲಿ ಹಂಚಿದ ಸುಧಾರಿತ ಒಲೆಗಳನ್ನು ನಾಲ್ಕು ವರ್ಷ ಹಿಂಬಾಲಿಸಿದರು. ಮೊದಲ ವರ್ಷ ಹೊಗೆ ತಗ್ಗಿತ್ತು. ಆಮೇಲೆ ಆ ಲಾಭ ಕರಗಿಹೋಯಿತು; ಒಲೆಗಳನ್ನು ಬಿಡದೆ ಬಳಸಲಿಲ್ಲ, ಕೆಡದಂತೆ ನೋಡಿಕೊಳ್ಳಲೂ ಇಲ್ಲ. ಅಭ್ಯಾಸವೇ ಅಡ್ಡಿಯಾಗಿದ್ದರೆ ಮೊದಲ ವರ್ಷವೇ ಒಲೆ ಮೂಲೆ ಸೇರಬೇಕಿತ್ತು. ಅಭ್ಯಾಸದ ಪಾತ್ರವೇ ಇಲ್ಲ ಎನ್ನುವುದಿಲ್ಲ. ಆದರೆ ಒಲೆ ಗಟ್ಟಿಯಾಗಿದ್ದಾಗ ಬಳಸಿ, ಕೆಟ್ಟಾಗ ಬಿಟ್ಟವರನ್ನು ಹಟಮಾರಿಗಳೆಂದು ಬೈಯುವುದು ಕಡತ ಮುಚ್ಚುವವರಿಗೆ ಸುಲಭ, ಅಷ್ಟೇ.

ಹಾಗಾದರೆ ಹಳೆಯ ಮಣ್ಣೊಲೆಯೇ ವಾಸಿ, ಕೆಟ್ಟರೆ ತಾವೇ ಸರಿಮಾಡಿಕೊಳ್ಳುತ್ತಿದ್ದರಲ್ಲ ಎಂಬ ವಾದವೂ ಬರುತ್ತದೆ, ಅದೂ ಹೆಚ್ಚಾಗಿ ಒಲೆ ಊದದವರಿಂದ. ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ 2020ರಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕಣ್ಣು, ಎದೆ ಸವೆದ ಖರ್ಚನ್ನು ಕೂಡಿಸಿದರೆ ಮಣ್ಣೊಲೆಯಷ್ಟು ತುಟ್ಟಿಯ ಒಲೆ ಇನ್ನೊಂದಿಲ್ಲ. ಹಾಗಾಗಿ ಗ್ಯಾಸ್ ಬಂದದ್ದು ಒಳ್ಳೆಯದೇ. 2016ರ ಮೇ 1ರಂದು ಗ್ಯಾಸ್ ಸಂಪರ್ಕ ಕೊಡುವ ಉಜ್ವಲಾ ಯೋಜನೆ ಶುರುವಾಯಿತು, ರಾಜ್ಯ ಸರ್ಕಾರದ ಅನಿಲ ಭಾಗ್ಯವೂ ಬೆನ್ನಿಗೆ ಬಂತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಕರ್ನಾಟಕದ ಶೇ. 55ರಷ್ಟು ಮನೆಗಳಲ್ಲಿ ಹೊಗೆಯಿಲ್ಲದ ಇಂಧನವಿತ್ತು, 2019-21ರ ಹೊತ್ತಿಗೆ ಅದು ಶೇ. 80ಕ್ಕೆ ಮುಟ್ಟಿತು. ಇಲ್ಲಿಯೂ ಲೆಕ್ಕ ನಡೆದದ್ದು ಸಂಪರ್ಕದ್ದು, ಆಮೇಲೆ ಸಿಲಿಂಡರಿನದು. 2022ರಲ್ಲಿ ಸಿಲಿಂಡರಿನ ದರ ಸಾವಿರ ದಾಟಿದಾಗ ಗದ್ದಲವಾಯಿತು. ಉಜ್ವಲಾ ಫಲಾನುಭವಿಗಳಿಗೆ 200 ಇದ್ದ ಸಬ್ಸಿಡಿ 2023ರ ಅಕ್ಟೋಬರಿನಲ್ಲಿ 300 ರೂಪಾಯಿಯಾಯಿತು. ಬರ್ನರಿನ ತೂತು ಕಟ್ಟಿ ಉರಿ ಹಳದಿಯಾದರೆ, ತಿರುಗಣಿ ಬಿಗಿದುಕೊಂಡರೆ, ರೆಗ್ಯುಲೇಟರ್ ಸೋರಿದರೆ ಆಗುವ ಖರ್ಚಿಗೆ ಯಾವ ಗದ್ದಲವೂ ಇಲ್ಲ. ಮೊತ್ತ ದೊಡ್ಡದಲ್ಲ ನಿಜ. ಆದರೆ ಅದು ನಗದು, ಮಣ್ಣು ತಂದು ಮೆತ್ತಿ ತೀರಿಸುವಂಥದ್ದಲ್ಲ. ರಿಪೇರಿಯವನನ್ನು ಹುಡುಕಿಕೊಂಡು ಪೇಟೆಗೆ ಹೋದ ದಿನದ ಕೂಲಿಯೂ ಅದಕ್ಕೆ ಸೇರುತ್ತದೆ. ಅಷ್ಟರಲ್ಲಿ ಹಿತ್ತಲಿನ ಒಲೆ ಮತ್ತೆ ಉರಿಯುತ್ತದೆ.

ಹಿತ್ತಲಿನ ಆ ಒಲೆಯನ್ನು ಈಗಲೂ ಸಾರಿಸುತ್ತಾರೆ. ಜಳಕದ ನೀರು ಅದರ ಮೇಲೆ, ಕೆಲವರ ಮನೆಯಲ್ಲಿ ರೊಟ್ಟಿಯೂ. ಅದರ ಬಿರುಕು ಕಣ್ಣಿಗೆ ಕಾಣುತ್ತದೆ, ಕೈ ತಾನಾಗಿ ಮಣ್ಣಿನ ಕಡೆ ಹೋಗುತ್ತದೆ. ಒಳಗೆ ಗ್ಯಾಸ್ ಒಲೆಯ ಹಿಂದೆ ಕೇಸರಿ ಬಣ್ಣದ ರಬ್ಬರ್ ಕೊಳವೆಯೊಂದಿದೆ. ಐದು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಅದು ತಯಾರಾದ ವರ್ಷ ಅದರ ಮೈಮೇಲೇ ಅಚ್ಚಾಗಿರುತ್ತದೆ, ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ಗೋಡೆಯ ಕಡೆಗೆ ತಿರುಗಿ.