ಸರ್ಫಿಂಗ್ (ಕರ್ನಾಟಕ ಕರಾವಳಿ)

ಹಲಗೆಯ ಮೇಲೆ ನಿಂತು, ಅಲೆಯ ಓಟದೊಡನೆ ದಡದತ್ತ ಸಾಗುವ ಜಲಕ್ರೀಡೆ. ಪಾಲಿನೇಷ್ಯದ ದ್ವೀಪಗಳಲ್ಲಿ, ಮುಖ್ಯವಾಗಿ ಹವಾಯಿಯಲ್ಲಿ ಬೆಳೆದ ಈ ಆಟ ಕರ್ನಾಟಕದಲ್ಲಿ ನೆಲೆಯೂರಿದ್ದು ದಕ್ಷಿಣ ಕನ್ನಡ ಜಿಲ್ಲೆಯ ಮೂಲ್ಕಿಯಲ್ಲಿ. ಯಾರು, ಯಾವಾಗ, ಯಾವ ಹಲಗೆ ಹಿಡಿದು ನೀರಿಗಿಳಿಯಬೇಕೆಂಬುದನ್ನು ಇಲ್ಲಿ ಮುಂಗಾರೇ ತೀರ್ಮಾನಿಸುತ್ತದೆ.

ಆರಂಭ
ಅಮೆರಿಕದ ಫ್ಲಾರಿಡಾದಲ್ಲಿ ಸರ್ಫಿಂಗ್ ಕಲಿತಿದ್ದ ಜ್ಯಾಕ್ ಹೆಬ್ನರ್ 1970ರ ದಶಕದಲ್ಲಿ ಭಾರತಕ್ಕೆ ಬಂದು ವೈಷ್ಣವ ಸಂನ್ಯಾಸಿಯಾದರು. ‘ಸರ್ಫಿಂಗ್ ಸ್ವಾಮಿ’ ಎಂದೇ ಹೆಸರಾದ ಅವರು 2004ರಲ್ಲಿ ಮೂಲ್ಕಿಯಲ್ಲಿ ‘ಮಂತ್ರ ಸರ್ಫ್ ಕ್ಲಬ್’ ಸ್ಥಾಪಿಸಿದರು. ಸಮುದ್ರದ ಜೊತೆಗೆ ಶಾಂಭವಿ ನದಿಯ ಹಿನ್ನೀರೂ ಹತ್ತಿರವಿದ್ದುದರಿಂದ, ನಿಂತು ಹುಟ್ಟು ಹಾಕುವ ಸ್ಟ್ಯಾಂಡ್‌ಅಪ್ ಪ್ಯಾಡಲಿಂಗ್ ಕೂಡ ಇಲ್ಲಿ ಬೆಳೆಯಿತು. ಇಲ್ಲಿಯೇ ಪಳಗಿದ ತನ್ವಿ ಜಗದೀಶ್ 2016ರಲ್ಲಿ ಫಿಜಿಯಲ್ಲಿ ನಡೆದ ವಿಶ್ವ ಪ್ಯಾಡಲಿಂಗ್ ಸ್ಪರ್ಧೆಯಲ್ಲಿ ಭಾರತವನ್ನು ಪ್ರತಿನಿಧಿಸಿದರು.

ಕಡಲಿನ ಸ್ಥಿತಿ
ಮಳೆ ನಿಂತ ಮೇಲೆ, ಅಕ್ಟೋಬರಿನಿಂದ ಬೇಸಿಗೆಯವರೆಗೆ ಅಲೆಗಳು ಸಣ್ಣವು. ಕಲಿಯುವವರಿಗೆ ಇದೇ ಸಕಾಲ. ಮಧ್ಯಾಹ್ನದ ಕಡಲಗಾಳಿ ನೀರಿನ ಮೈ ಕದಡುವುದರಿಂದ ಬೆಳಗಿನ ಹೊತ್ತು ಮೇಲು. ಮೇ ಕೊನೆಗೆ ದಕ್ಷಿಣದಿಂದ ಬರುವ ಉಬ್ಬಲೆಗಳು ಬಲಗೊಳ್ಳುತ್ತವೆ. ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ ಜೂನ್, ಜುಲೈ ತಿಂಗಳುಗಳ ಕಡಲು ಪಳಗಿದವರಿಗೂ ಕಠಿಣ. ಅಳಿವೆಗಳಲ್ಲಿ ನದಿಯ ಸೆಳೆತ, ಉಬ್ಬರವಿಳಿತ ಮತ್ತು ಮಳೆಗಾಲದ ನಂತರ ಜಾಗ ಬದಲಿಸುವ ಮರಳದಿಬ್ಬಗಳು ಅಲೆ ಮುರಿಯುವ ಜಾಗವನ್ನೂ ಬದಲಿಸುತ್ತವೆ.

ಸ್ಪರ್ಧೆಗಳು
ಮುಂಗಾರಿನ ಹೊಸ್ತಿಲ ಅಲೆಗಳನ್ನು ನೆಚ್ಚಿಕೊಂಡೇ ‘ಇಂಡಿಯನ್ ಓಪನ್ ಆಫ್ ಸರ್ಫಿಂಗ್’ ಮೇ ಕೊನೆ ಅಥವಾ ಜೂನ್ ಮೊದಲಲ್ಲಿ ನಡೆಯುತ್ತದೆ. 2016 ಮತ್ತು 2017ರಲ್ಲಿ ನಂದಿನಿ-ಶಾಂಭವಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ, 2022 ಮತ್ತು 2023ರಲ್ಲಿ ಮಂಗಳೂರಿನ ಪಣಂಬೂರಿನಲ್ಲಿ, 2024ರಲ್ಲಿ ಮತ್ತೆ ಸಸಿಹಿತ್ಲುವಿನಲ್ಲಿ ಜರುಗಿತು. ಕರ್ನಾಟಕ ಮೂಲದ, ಕೇರಳದ ಕೋವಳಂನಲ್ಲಿ ಬೆಳೆದ ರಮೇಶ್ ಬುದಿಹಾಳ್ 2025ರ ಆಗಸ್ಟಿನಲ್ಲಿ ಮಹಾಬಲಿಪುರಂನ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದರು. ಈ ಕೂಟದಲ್ಲಿ ಭಾರತೀಯರೊಬ್ಬರಿಗೆ ದೊರೆತ ಮೊದಲ ವೈಯಕ್ತಿಕ ಪದಕವಿದು.

ಹೈಡ್ರೋಫಾಯಿಲ್ ಹಲಗೆ
ಹಲಗೆಯ ತಳಕ್ಕೆ ಕಂಬವೊಂದನ್ನು ಜೋಡಿಸಿ, ಅದರ ತುದಿಗೆ ವಿಮಾನದ ರೆಕ್ಕೆಯಂಥ ಫಾಯಿಲ್ ಕೂರಿಸಿರುತ್ತಾರೆ. ವೇಗ ಹೆಚ್ಚಿದಂತೆ ಫಾಯಿಲ್ ಹಲಗೆಯನ್ನು ನೀರಿನಿಂದ ಮೇಲೆತ್ತುತ್ತದೆ. ನೀರಿನ ತಡೆ ಕುಗ್ಗಿ, ಇನ್ನೂ ಮುರಿಯದ ಸಣ್ಣ ಅಲೆಯ ಮೇಲೂ ದೂರ ಸಾಗಬಹುದು. ಈ ತತ್ತ್ವದ ದೋಣಿಯನ್ನು ಇಟಲಿಯ ಎನ್ರಿಕೊ ಫೋರ್ಲಾನಿನಿ 1906ರಲ್ಲಿ ಮಜ್ಜೋರೆ ಸರೋವರದಲ್ಲಿ ಓಡಿಸಿದ್ದರು. ಅಲೆಸವಾರಿಗೆ ಅದನ್ನು ಒಗ್ಗಿಸಿದವರಲ್ಲಿ ಹವಾಯಿಯ ಲೇರ್ಡ್ ಹ್ಯಾಮಿಲ್ಟನ್ ಪ್ರಮುಖರು. ಪಾದಗಳನ್ನು ಬೂಟುಗಳಿಂದ ಹಲಗೆಗೆ ಬಿಗಿದುಕೊಂಡು ಅವರ ತಂಡ ದೊಡ್ಡ ಅಲೆಗಳನ್ನು ಏರುತ್ತಿತ್ತು. 2016ರ ಬಳಿಕ ಕೈ ಲೆನ್ನಿ ಮೊದಲಾದವರಿಂದ ಸಣ್ಣ ಅಲೆಯ ಫಾಯಿಲಿಂಗ್ ಜನಪ್ರಿಯವಾಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ವಿಂಡ್‌ಸರ್ಫಿಂಗ್ ಮತ್ತು ಕೈಟ್ ಸ್ಪರ್ಧೆಗಳೆರಡೂ ಫಾಯಿಲ್ ಮೇಲೆಯೇ ನಡೆದವು.

ನಿಧಾನದ, ದುರ್ಬಲ ಅಲೆಗೆ ಅಗಲ ರೆಕ್ಕೆ ಬೇಕು. ವೇಗದ ದೊಡ್ಡ ಅಲೆಗೆ ಕಿರಿದಾದದ್ದು. ಆದ್ದರಿಂದ ಕರ್ನಾಟಕದ ಬೇಸಿಗೆ ಕಡಲಿಗೆ ಒಪ್ಪುವುದು ಅಗಲದ ಫಾಯಿಲ್. ಆದರೆ ಕಂಬ ಮುಳುಗುವಷ್ಟು ಆಳ ಬೇಕಾಗುವುದರಿಂದ ಅಳಿವೆಯ ಮರಳದಿಬ್ಬಗಳ ಮೇಲೆ ಇದು ಅಪಾಯಕರ. ರೆಕ್ಕೆಯ ಅಂಚು ಹರಿತವಾದುದರಿಂದ ಈಜುಗಾರರಿಂದಲೂ ಇತರ ಸವಾರರಿಂದಲೂ ದೂರವಿರಬೇಕಾಗುತ್ತದೆ.