ಗುಂಡು ಹಾರಿಸದೆ ಗೆದ್ದ ಸೇನಾಧಿಕಾರಿ



ಸೈನಿಕನ ಚರಿತ್ರೆ ಎಂದರೆ ಅವನು ಗೆದ್ದ ಯುದ್ಧಗಳ ಲೆಕ್ಕ ಎಂದೇ ನಾವು ತಿಳಿಯುತ್ತೇವೆ. ಅಮೆರಿಕದ ಜೋಶುವಾ ಲಾರೆನ್ಸ್ ಚೇಂಬರ್ಲೇನ್ ಅವರ ಬದುಕಿನಲ್ಲಿ ಮಾತ್ರ, ಬಂದೂಕು ಕೈಯಲ್ಲಿದ್ದೂ ಹಾರಿಸದ ಗಳಿಗೆಗಳೇ ಹೆಚ್ಚು ದೊಡ್ಡವು.

ಅವರು ಹುಟ್ಟಿದ್ದು 1828ರಲ್ಲಿ, ಮೇಯ್ನ್ ರಾಜ್ಯದ ಬ್ರೂವರ್ ಎಂಬ ಊರಿನಲ್ಲಿ. ಚಿಕ್ಕಂದಿನಲ್ಲಿ ಮಾತು ತೊದಲುತ್ತಿತ್ತು. ಛಲದಿಂದ ಅದನ್ನು ಮೀರಿ ಬೋಡಿನ್ ಕಾಲೇಜಿನಲ್ಲಿ ಭಾಷಣಕಲೆಯನ್ನೇ ಕಲಿಸುವ ಪ್ರಾಧ್ಯಾಪಕರಾದರು. ನಡುವೆ ಬ್ಯಾಂಗೋರ್ ಸೆಮಿನರಿಯಲ್ಲಿ ಮೂರು ವರ್ಷ ದೇವಶಾಸ್ತ್ರವನ್ನೂ ಓದಿದ್ದರು.

1861ರಲ್ಲಿ ಅಂತರ್ಯುದ್ಧ ಆರಂಭವಾಯಿತು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ದೇಶದಿಂದ ಬೇರೆಯಾಗಿದ್ದವು. ಮರುವರ್ಷ ಕಾಲೇಜು ಅವರಿಗೆ ಯುರೋಪಿನಲ್ಲಿ ಓದಲು ರಜೆ ಕೊಟ್ಟಿತು. ಚೇಂಬರ್ಲೇನ್ ಯುರೋಪಿಗೆ ಹೋಗದೆ ಸೈನ್ಯಕ್ಕೆ ಸೇರಿದರು. ರೆಜಿಮೆಂಟಿನ ಮುಖ್ಯಸ್ಥನ ಸ್ಥಾನ ಸಿಗುವುದರಲ್ಲಿದ್ದರೂ ಬೇಡವೆಂದು, ಮೊದಲು ಕೆಲಸ ಕಲಿಯುವೆನೆಂದು 20ನೇ ಮೇಯ್ನ್ ರೆಜಿಮೆಂಟಿನಲ್ಲಿ ಒಂದು ಮೆಟ್ಟಿಲು ಕೆಳಗಿನ ಲೆಫ್ಟಿನೆಂಟ್ ಕರ್ನಲ್ ಹುದ್ದೆ ಹಿಡಿದರು.

1863ರ ಮೇ ತಿಂಗಳಲ್ಲಿ ಸುಮಾರು 120 ಮಂದಿ ಬಂಡೆದ್ದ ಸೈನಿಕರನ್ನು ಕಾವಲಿನಲ್ಲಿ ಅವರ ಬಳಿ ತಂದರು. ಅವರ 2ನೇ ಮೇಯ್ನ್ ರೆಜಿಮೆಂಟಿನ ಉಳಿದವರೆಲ್ಲ ಅವಧಿ ಮುಗಿಸಿ ಮನೆಗೆ ಹೋಗಿದ್ದರು. ಇವರು ಮಾತ್ರ ಮೂರು ವರ್ಷದ ಕರಾರಿಗೆ ಸಹಿ ಹಾಕಿದ್ದರಿಂದ ಉಳಿಯಬೇಕಾಗಿತ್ತು. ಮಾತು ಕೇಳದಿದ್ದರೆ ಗುಂಡಿಕ್ಕಲು ಮೇಲಿನಿಂದ ಅನುಮತಿ ಇತ್ತು. ಚೇಂಬರ್ಲೇನ್ ಮೊದಲು ಹಸಿದಿದ್ದ ಅವರಿಗೆ ಊಟ ಕೊಡಿಸಿದರು, ಕಾವಲು ತೆಗೆಸಿದರು, ದೂರು ಕೇಳಿದರು. ಕೆಲವರನ್ನು ಬಿಟ್ಟು ಉಳಿದವರೆಲ್ಲ ಮತ್ತೆ ಬಂದೂಕು ಹಿಡಿದರು.

ಕೆಲವೇ ವಾರಗಳಲ್ಲಿ, ಜುಲೈ 2ರಂದು, ಗೆಟಿಸ್‌ಬರ್ಗ್ ಕಾಳಗ. ಲಿಟಲ್ ರೌಂಡ್ ಟಾಪ್ ಎಂಬ ಗುಡ್ಡದ ಮೇಲೆ ಇಡೀ ಸೈನ್ಯದ ಎಡ ತುದಿಯನ್ನು ಕಾಯುವ ಹೊಣೆ ಅವರ ರೆಜಿಮೆಂಟಿನದು. ಅಲ್ಲಿ ನಿಂತವರಲ್ಲಿ ಆ ಬಂಡಾಯಗಾರರೂ ಇದ್ದರು. ಗುಂಡುಗಳು ಮುಗಿಯುತ್ತಾ ಬಂದಾಗ ಬಯೋನೆಟ್ ಹಿಡಿದು ಇಳಿಜಾರಿನಲ್ಲಿ ಮುನ್ನುಗ್ಗಿ ಶತ್ರುವನ್ನು ಹಿಮ್ಮೆಟ್ಟಿಸಿದರು. ಇದಕ್ಕಾಗಿ ಚೇಂಬರ್ಲೇನ್ ಅವರಿಗೆ 30 ವರ್ಷಗಳ ನಂತರ ಮೆಡಲ್ ಆಫ್ ಆನರ್ ದೊರೆಯಿತು.

1864ರ ಜೂನ್‌ನಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಗುಂಡೊಂದು ಅವರ ಸೊಂಟವನ್ನು ಸೀಳಿಕೊಂಡು ಹೋಯಿತು. ಸಾಯುತ್ತಾರೆಂದೇ ಎಲ್ಲರೂ ಎಣಿಸಿದರು. ಪತ್ರಿಕೆಗಳಲ್ಲಿ ಮರಣವಾರ್ತೆಯೂ ಬಂತು. ಆದರೆ ಕೆಲವೇ ತಿಂಗಳಲ್ಲಿ ಅವರು ರಣರಂಗಕ್ಕೆ ಮರಳಿದರು. 1865ರ ಏಪ್ರಿಲ್ 12ರಂದು ಅಪೊಮ್ಯಾಟಕ್ಸ್‌ನಲ್ಲಿ ಸೋತ ದಕ್ಷಿಣದ ಸೈನಿಕರು ಶಸ್ತ್ರ ಒಪ್ಪಿಸಲು ಬಂದಾಗ, ಅವರನ್ನು ಎದುರುಗೊಂಡ ಅಧಿಕಾರಿ ಇವರೇ. ತಮ್ಮನ್ನು ಸಾವಿನ ಅಂಚಿಗೆ ತಳ್ಳಿದ್ದ ಸೈನ್ಯಕ್ಕೆ ತಮ್ಮವರಿಂದ ಗೌರವವಂದನೆ ಕೊಡಿಸಿದರು. ಎದುರಾಳಿ ಸೇನಾನಿ ಗೋರ್ಡನ್ ಕೂಡ ಪ್ರತಿವಂದನೆ ಸಲ್ಲಿಸಿದರು. ಇದು ತಮ್ಮ ಕಡೆಯವರಿಗೆ ಹಿಡಿಸದು ಎಂದು ಚೇಂಬರ್ಲೇನ್ ಅವರಿಗೆ ಗೊತ್ತಿತ್ತು.

ಯುದ್ಧ ಮುಗಿದ ಮೇಲೆ ಊರಿಗೆ ಮರಳಿದರು. ಜನ ಅವರನ್ನು ನಾಲ್ಕು ಬಾರಿ ಮೇಯ್ನ್‌ನ ಗವರ್ನರ್ ಆಗಿ ಆರಿಸಿದರು. 1871ರಿಂದ 1883ರ ತನಕ ಬೋಡಿನ್ ಕಾಲೇಜಿನ ಅಧ್ಯಕ್ಷರಾಗಿದ್ದರು. ಅಲ್ಲಿ ಎಲ್ಲವೂ ಸುಗಮವಾಗಿರಲಿಲ್ಲ. ಅವರು ತಂದ ಸೈನಿಕ ಕವಾಯತನ್ನು 1874ರಲ್ಲಿ ವಿದ್ಯಾರ್ಥಿಗಳು ಧಿಕ್ಕರಿಸಿದರು. ಬಂಡಾಯದ ಸೈನಿಕರಿಗೆ ತೋರಿದ ತಾಳ್ಮೆ ಇಲ್ಲಿ ಕಾಣಲಿಲ್ಲ. ವಿದ್ಯಾರ್ಥಿಗಳನ್ನು ಮನೆಗೆ ಕಳಿಸಿದರು. ಬಹುತೇಕರು ಮರಳಿದರು, ಆದರೆ ಕವಾಯತು ಮುಂದೆ ನಿಂತೇ ಹೋಯಿತು.

ಅವರ ಕೊನೆಯ ದೊಡ್ಡ ಪರೀಕ್ಷೆ 1880ರ ಜನವರಿಯಲ್ಲಿ. ಚುನಾವಣೆಯ ಫಲಿತಾಂಶದ ಜಗಳದಿಂದ ರಾಜಧಾನಿ ಆಗಸ್ಟಾದಲ್ಲಿ ಶಸ್ತ್ರಧಾರಿಗಳು ಸೇರಿದ್ದರು. ರಾಜ್ಯದ ಸೇನಾದಳದ ಮುಖ್ಯಸ್ಥರಾಗಿದ್ದ ಚೇಂಬರ್ಲೇನ್ ಹನ್ನೆರಡು ದಿನ ಶಾಂತಿ ಕಾಪಾಡಿದರು. ಸೈನ್ಯವನ್ನು ಕರೆಸಲಿಲ್ಲ. ತಮ್ಮ ಪಕ್ಷದ ಪರವಾಗಿಯೂ ವಾಲಲಿಲ್ಲ. ಕೊಲ್ಲಲು ಬಂದ ಗುಂಪಿನ ಎದುರು ಕೋಟಿನ ಗುಂಡಿ ಬಿಚ್ಚಿ ನಿಂತರು. ಗುಂಪಿನಲ್ಲಿದ್ದ ಹಳೆಯ ಸೈನಿಕನೊಬ್ಬ ಅವರ ರಕ್ಷಣೆಗೆ ಬಂದ. ಜನ ಚದುರಿದರು. ಕೊನೆಗೆ ನ್ಯಾಯಾಲಯ ತೀರ್ಪು ಕೊಟ್ಟಿತು, ರಕ್ತ ಹರಿಯಲಿಲ್ಲ.

ಪೀಟರ್ಸ್‌ಬರ್ಗ್‌ನ ಗಾಯ ಸುಮಾರು ಐವತ್ತು ವರ್ಷ ಅವರನ್ನು ಕಾಡಿತು. 1914ರ ಫೆಬ್ರವರಿ 24ರಂದು, 85ನೇ ವಯಸ್ಸಿನಲ್ಲಿ, ಅದರ ಬಾಧೆಯಿಂದಲೇ ತೀರಿಕೊಂಡರು.

ಪರ್ವತ ಪ್ರಸಂಗದಲ್ಲಿ ಪ್ರಭು ಧನ್ಯರೆಂದು ಕರೆದವರಲ್ಲಿ ಶಾಂತಿಗಾಗಿ ದುಡಿಯುವವರೂ ಇದ್ದಾರೆ. ಶಾಂತಿ ಎಂದರೆ ಅಂಜಿ ಸುಮ್ಮನಿರುವುದು ಎಂದು ಭಾವಿಸುವ ನಮಗೆ ಚೇಂಬರ್ಲೇನ್ ಬೇರೆಯದನ್ನೇ ತೋರಿಸುತ್ತಾರೆ. ಶಿಕ್ಷಿಸುವ ಅಧಿಕಾರ ನಮ್ಮ ಕೈಗೆ ಬಂದಾಗ, ಎದುರಿಗಿರುವವನು ಹಸಿದಿದ್ದಾನೆಯೇ ಎಂದು ಮೊದಲು ಕೇಳುವುದಕ್ಕೂ ಎದೆಗಾರಿಕೆ ಬೇಕು.