ಮಿದುಳಿನ ಗಾಯದ ಆರೈಕೆಯಲ್ಲಿ ಜನಾಂಗ ಮತ್ತು ವಿಮೆಯ ತಾರತಮ್ಯ (ಅಮೆರಿಕ ಸಂಯುಕ್ತ ಸಂಸ್ಥಾನ)

ರಸ್ತೆ ಅಪಘಾತ, ಜಾರಿ ಬೀಳುವುದು, ಹಲ್ಲೆ ಮುಂತಾದ ಕಾರಣಗಳಿಂದ ತಲೆಗೆ ಪೆಟ್ಟಾಗಿ ಮಿದುಳಿಗೆ ಒದಗುವ ಹಾನಿಯನ್ನು ಆಘಾತಜನ್ಯ ಮಿದುಳಿನ ಗಾಯ ಎನ್ನುತ್ತಾರೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 2021ರಲ್ಲಿ ಇದಕ್ಕೆ ಸಂಬಂಧಿಸಿದ ಸಾವುಗಳ ಸಂಖ್ಯೆ ಸುಮಾರು 69,000. ಬದುಕುಳಿದವರಿಗೆ ದೊರೆಯುವ ಆರೈಕೆ, ಅದರಲ್ಲೂ ಆಸ್ಪತ್ರೆಯಿಂದ ಬಿಡುಗಡೆಯಾದ ನಂತರದ ಪುನಶ್ಚೇತನ ಚಿಕಿತ್ಸೆ, ರೋಗಿಯ ಜನಾಂಗ ಮತ್ತು ವಿಮೆಯನ್ನು ಅವಲಂಬಿಸಿ ಬದಲಾಗುತ್ತದೆ ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ.

ಕಾನೂನಿನ ಹಿನ್ನೆಲೆ

1986ರ ತುರ್ತು ಚಿಕಿತ್ಸಾ ಕಾಯಿದೆಯ ಪ್ರಕಾರ, ಮೆಡಿಕೇರ್ ಯೋಜನೆಯಲ್ಲಿ ಸೇರಿರುವ ಆಸ್ಪತ್ರೆಗಳು ತುರ್ತು ವಿಭಾಗಕ್ಕೆ ಬಂದವರನ್ನು ಹಣದ ಮಾತೆತ್ತದೆ ಪರೀಕ್ಷಿಸಿ, ಅವರ ಸ್ಥಿತಿಯನ್ನು ಸ್ಥಿರಗೊಳಿಸಬೇಕು. ಹೀಗಾಗಿ ತಲೆಬುರುಡೆಯನ್ನು ತೆರೆದು ಹೆಪ್ಪುಗಟ್ಟಿದ ರಕ್ತವನ್ನು ತೆಗೆಯುವ ಶಸ್ತ್ರಕ್ರಿಯೆ ವಿಮೆಯಿಲ್ಲದವರಿಗೂ ದೊರೆಯುತ್ತದೆ. ಈ ಕಾಯಿದೆಯ ಹೊಣೆ ಅಲ್ಲಿಗೆ ಮುಗಿಯುತ್ತದೆ. ಮತ್ತೆ ನಡೆಯಲು, ನುಂಗಲು, ಮಾತನಾಡಲು ಕಲಿಸುವ ಪುನಶ್ಚೇತನ ಕೇಂದ್ರಗಳು ಸಾಮಾನ್ಯವಾಗಿ ಹಣ ಭರಿಸುವವರು ಯಾರೆಂದು ಖಚಿತವಾದ ಮೇಲೆಯೇ ರೋಗಿಯನ್ನು ಸೇರಿಸಿಕೊಳ್ಳುತ್ತವೆ. ಪ್ರಾಣವುಳಿಸುವುದು ಹಕ್ಕಾಗಿಯೂ ಬದುಕನ್ನು ಮರಳಿ ಕಟ್ಟಿಕೊಡುವುದು ಕೊಳ್ಳುವ ವಸ್ತುವಾಗಿಯೂ ಇರುವುದೇ ಈ ತಾರತಮ್ಯದ ಮುಖ್ಯ ಬೇರು.

ಗಾಯದಿಂದ ದುಡಿಯುವ ಶಕ್ತಿಯನ್ನು ಕಳೆದುಕೊಂಡ 65 ವರ್ಷದೊಳಗಿನವರಿಗೆ ಮೆಡಿಕೇರ್ ದೊರೆಯುತ್ತದೆ ನಿಜ. ಆದರೆ ಅಂಗವೈಕಲ್ಯ ಭತ್ಯೆಗಾಗಿ ಐದು ತಿಂಗಳು, ಭತ್ಯೆ ಆರಂಭವಾದ ಬಳಿಕ ಮತ್ತೆ 24 ತಿಂಗಳು ಕಾಯಬೇಕು. ಮಿದುಳಿನ ಚೇತರಿಕೆಯ ವೇಗ ಹೆಚ್ಚಾಗಿರುವುದು ಮೊದಲ ಕೆಲವು ತಿಂಗಳುಗಳಲ್ಲಿ. ಆ ಕಾಲ ಕಾಯುವುದರಲ್ಲೇ ಕಳೆದುಹೋಗುತ್ತದೆ. 2010ರ ಆರೋಗ್ಯ ವಿಮಾ ಸುಧಾರಣಾ ಕಾಯಿದೆಯು ಪುನಶ್ಚೇತನವನ್ನು ಅಗತ್ಯ ಸೇವೆಗಳ ಪಟ್ಟಿಗೆ ಸೇರಿಸಿ, ಬಡವರಿಗಾಗಿ ಇರುವ ಮೆಡಿಕೈಡ್ ಯೋಜನೆಯನ್ನು ವಿಸ್ತರಿಸಿತು. ವಿಸ್ತರಣೆಯು ರಾಜ್ಯಗಳ ಇಚ್ಛೆಗೆ ಬಿಟ್ಟದ್ದೆಂದು ಸುಪ್ರೀಂ ಕೋರ್ಟ್ 2012ರಲ್ಲಿ ತೀರ್ಪಿತ್ತಿತು. ಟೆಕ್ಸಾಸ್, ಫ್ಲಾರಿಡಾ ಮುಂತಾದ ರಾಜ್ಯಗಳು ಅದನ್ನು ಒಪ್ಪಿಕೊಳ್ಳಲಿಲ್ಲ.

ಅಧ್ಯಯನಗಳು

ಆದಿಲ್ ಹೈದರ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನವು ಎಲ್ಲ ಬಗೆಯ ಗಾಯಾಳುಗಳನ್ನು ಕುರಿತದ್ದು. ಗಾಯದ ತೀವ್ರತೆಯನ್ನು ಗಣನೆಗೆ ತೆಗೆದುಕೊಂಡ ಮೇಲೂ ಕಪ್ಪು ಜನಾಂಗದವರು, ಹಿಸ್ಪಾನಿಕರು ಹಾಗೂ ವಿಮೆಯಿಲ್ಲದವರು ಸಾಯುವ ಸಂಭವ ಹೆಚ್ಚೆಂದು ಅದು ಕಂಡುಕೊಂಡಿತು. ವಿಮೆಯುಳ್ಳ ಕಪ್ಪು ಜನರಲ್ಲೂ ಅಂತರ ಉಳಿದಿತ್ತು. 2014ರ ಇನ್ನೊಂದು ಅಧ್ಯಯನದಲ್ಲಿ, 65 ವರ್ಷ ದಾಟಿದ ಕಪ್ಪು ಗಾಯಾಳುಗಳಲ್ಲಿ ಈ ಅಂತರ ಕಾಣಲಿಲ್ಲ. ಆ ವಯಸ್ಸಿನಲ್ಲಿ ಬಹುತೇಕ ಎಲ್ಲರಿಗೂ ಮೆಡಿಕೇರ್ ಇರುತ್ತದೆ ಎಂಬುದು ಇಲ್ಲಿ ಗಮನಾರ್ಹ. ಮಿದುಳಿನ ಗಾಯವನ್ನೇ ಕುರಿತ ಅಧ್ಯಯನಗಳಲ್ಲಿ, ಪುನಶ್ಚೇತನ ಕೇಂದ್ರಕ್ಕೆ ಹೋಗುವ ಬದಲು ನೇರವಾಗಿ ಮನೆಗೆ ಕಳುಹಿಸಲ್ಪಡುವವರಲ್ಲಿ ವಿಮೆಯಿಲ್ಲದ ಹಿಸ್ಪಾನಿಕರು ಎದ್ದು ಕಾಣುತ್ತಾರೆ.

ಭಾಷೆಯೂ ಒಂದು ತೊಡಕು. ನೆನಪು, ಪದಸಂಪತ್ತು, ಏಕಾಗ್ರತೆಗಳನ್ನು ಅಳೆಯುವ ಪರೀಕ್ಷೆಗಳನ್ನು ಸ್ಪ್ಯಾನಿಷ್ ಮಾತನಾಡುವವರಿಗೆ ಇಂಗ್ಲಿಷಿನಲ್ಲಿ ನೀಡಿದರೆ, ಗಾಯದ ಕೊರತೆ ಯಾವುದು, ಭಾಷೆಯ ಕೊರತೆ ಯಾವುದು ಎಂದು ಬೇರ್ಪಡಿಸುವುದು ಕಷ್ಟ.

ವಲಸಿಗರ ಸ್ಥಿತಿ

ದಾಖಲೆಪತ್ರಗಳಿಲ್ಲದ ವಲಸಿಗರಿಗೆ ಮೆಡಿಕೈಡ್ ತುರ್ತು ಚಿಕಿತ್ಸೆಗಷ್ಟೇ ದೊರೆಯುತ್ತದೆ. ಇದರಿಂದಾಗಿ ಕೆಲವು ಆಸ್ಪತ್ರೆಗಳು ತಮ್ಮದೇ ಖರ್ಚಿನಲ್ಲಿ ರೋಗಿಗಳನ್ನು ಅವರ ತಾಯ್ನಾಡಿಗೆ ಸಾಗಿಸಿದ್ದುಂಟು. ಫ್ಲಾರಿಡಾದಲ್ಲಿ 2000ರಲ್ಲಿ, ಕುಡಿದು ವಾಹನ ಚಲಾಯಿಸಿದವನಿಂದ ಗ್ವಾಟೆಮಾಲಾದ ಕಾರ್ಮಿಕನೊಬ್ಬನಿಗೆ ಮಿದುಳಿನ ತೀವ್ರ ಗಾಯವಾಯಿತು. ಅವನನ್ನು ಸೇರಿಸಿಕೊಳ್ಳುವ ಪುನಶ್ಚೇತನ ಕೇಂದ್ರ ಸಿಗದೆ, ಆಸ್ಪತ್ರೆಯು ನ್ಯಾಯಾಲಯದ ಆದೇಶ ಪಡೆದು 2003ರಲ್ಲಿ, ಪೋಷಕರ ಮೇಲ್ಮನವಿಯ ಯತ್ನ ನಡೆದಿರುವಾಗಲೇ, ಬಾಡಿಗೆ ವಿಮಾನದಲ್ಲಿ ಅವನನ್ನು ಸ್ವದೇಶಕ್ಕೆ ಕಳುಹಿಸಿತು. ಅಲ್ಲಿ ವಯಸ್ಸಾದ ತಾಯಿಯೇ ಅವನ ಆರೈಕೆಗೆ ನಿಂತರು. ಅಂತಹ ಆದೇಶ ನೀಡುವ ಅಧಿಕಾರ ರಾಜ್ಯದ ನ್ಯಾಯಾಲಯಕ್ಕಿರಲಿಲ್ಲವೆಂದು ಮೇಲ್ಮನವಿ ನ್ಯಾಯಾಲಯ 2004ರಲ್ಲಿ ಹೇಳಿತು. ಪರಿಹಾರ ಕೋರಿದ ದಾವೆಯಲ್ಲಿ ಮಾತ್ರ ತೀರ್ಪುಗಾರರ ಮಂಡಳಿಯು 2009ರಲ್ಲಿ ಆಸ್ಪತ್ರೆಯ ಪರವಾಗಿ ನಿರ್ಣಯಿಸಿತು.